ಸ್ಪ್ಯಾನಿಷ್ ಕಲಿಕೆಗೆ ಆ್ಯಂಕಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವವರಿಗೆ ಪದಗಳು ಅಷ್ಟಾಗಿ ತೊಡಕಾಗುವುದಿಲ್ಲ. ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್ (ಇಂಗ್ಲಿಷಿನ 'ಆಫ್', 'ಇನ್' ಥರದ ಸಂಬಂಧಸೂಚಕ ಪದ) ಹೊಂದುತ್ತದೆ, ಇಂಗ್ಲಿಷಿನ ಒಂದೇ ಕ್ರಿಯಾಪದದ ಜಾಗದಲ್ಲಿ ಸ್ಪ್ಯಾನಿಷಿನಲ್ಲಿ ಎರಡಿದ್ದಾಗ ಯಾವುದನ್ನು ಆರಿಸಬೇಕು ಎಂಬುದೇ ಕೊನೆಯವರೆಗೂ ಕಾಡುತ್ತದೆ. ಈ ಒಂದು ಕೆಲಸಕ್ಕೆಂದೇ ನಾನು ಆ್ಯಂಕಿ ತಂತ್ರಾಂಶವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 2006ರಿಂದ ಬಳಕೆಯಲ್ಲಿರುವ ಇದು ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತ. ಐಫೋನ್ ಆವೃತ್ತಿಗೆ ಮಾತ್ರ ಹಣ ತೆರಬೇಕು. ನಾವು ಬರೆದಿಟ್ಟ ಕಾರ್ಡುಗಳನ್ನು, ಇನ್ನೇನು ಮರೆಯುತ್ತೇವೆ ಎನ್ನುವ ಹೊತ್ತಿಗೆ ಮತ್ತೆ ಕಣ್ಣೆದುರಿಗೆ ತರುವುದಷ್ಟೇ ಅದರ ಕೆಲಸ. ಅದು ಪಾಠ ಹೇಳಿಕೊಡುವುದಿಲ್ಲವಾದ್ದರಿಂದ, ಅದರ ಪ್ರಯೋಜನವೆಲ್ಲ ಕಾರ್ಡುಗಳನ್ನು ನಾವು ಹೇಗೆ ಬರೆಯುತ್ತೇವೆ ಎಂಬುದನ್ನೇ ಅವಲಂಬಿಸಿದೆ.

ಒಂದು ಬದಿಗೆ ಸ್ಪ್ಯಾನಿಷ್ ಪದ, ಇನ್ನೊಂದು ಬದಿಗೆ ಇಂಗ್ಲಿಷ್ ಅರ್ಥ ಎಂಬ ಕಾರ್ಡುಗಳು ಈ ಕೆಲಸಕ್ಕೆ ಬರುವುದಿಲ್ಲ. 'ಸೊನ್ಯಾರ್' ಎಂದರೆ ಕನಸು ಕಾಣುವುದು ಎಂದಷ್ಟೇ ಕಲಿತವರು ಮಾತಾಡುವಾಗ ಇಂಗ್ಲಿಷಿನ 'ಆಫ್' ಅಥವಾ 'ಅಬೌಟ್' ಅನ್ನೇ ಅನುವಾದಿಸಿ ಸೇರಿಸುತ್ತಾರೆ. ಸ್ಪ್ಯಾನಿಷಿನಲ್ಲಿ ಬೇಕಾದದ್ದು 'ಕೋನ್'. 'ಪೆನ್ಸಾರ್' (ಯೋಚಿಸು) ಜೊತೆಗೆ 'ಎನ್', 'ದೆಪೆಂದೆರ್' (ಅವಲಂಬಿಸು) ಜೊತೆಗೆ 'ದೆ' ಬರುವುದೂ ಹೀಗೆಯೇ. ಆದ್ದರಿಂದ ಪೂರ್ಣ ವಾಕ್ಯ ಬರೆದು ಪ್ರಿಪೊಸಿಷನ್ ಇರುವ ಜಾಗವನ್ನು ಮಾತ್ರ ಮರೆಮಾಡುವ ಕ್ಲೋಜ್ ಕಾರ್ಡುಗಳನ್ನೇ ನಾನು ಬಳಸುತ್ತೇನೆ.

ಎರಡೂ 'ಇರು' ಎಂಬ ಅರ್ಥವನ್ನೇ ಕೊಡುವ 'ಸೆರ್' ಮತ್ತು 'ಎಸ್ತಾರ್' ವಿಷಯದಲ್ಲಿ ಈ ವಿಧಾನದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಸ್ಥಳ ಹೇಳುವಾಗ 'ಎಸ್ತಾರ್' ಎಂಬ ನಿಯಮವನ್ನು ಎಲ್ಲರೂ ಬೇಗ ಕಲಿಯುತ್ತಾರೆ: 'ಲಾ ಸಾಲಾ ಎಸ್ತಾ ಎನ್ ಎಲ್ ಸೆಗುಂದೊ ಪಿಸೊ', ಅಂದರೆ ಕೊಠಡಿ ಎರಡನೇ ಮಹಡಿಯಲ್ಲಿದೆ. ಆದರೆ ಆ ಕೊಠಡಿಯಲ್ಲಿ ಸಭೆ ನಡೆಯುತ್ತದೆ ಎನ್ನಬೇಕಾದರೆ 'ಲಾ ರೆಉನಿಯೋನ್ ಎಸ್ ಎನ್ ಲಾ ಸಾಲಾ' ಎನ್ನಬೇಕು, ಏಕೆಂದರೆ ಸಭೆ, ಮದುವೆ, ಸಂಗೀತ ಕಛೇರಿಗಳಂತಹ ನಡೆಯುವ ಸಂಗತಿಗಳಿಗೆ 'ಸೆರ್' ಸಲ್ಲುತ್ತದೆ. ಓದಿದಾಗ ಅರ್ಥವಾಗುವ ಈ ವ್ಯತ್ಯಾಸ ನಾಲಿಗೆಗೆ ಹತ್ತಿದ್ದು ಮಾತ್ರ, ಎರಡೂ ವಾಕ್ಯಗಳು ತಿಂಗಳುಗಟ್ಟಲೆ ಬೇರೆ ಬೇರೆ ದಿನಗಳಲ್ಲಿ ಎದುರಾದ ನಂತರವೇ.

ಕಾರ್ಡಿನ ಹಿಂಬದಿಯ ಸುಳಿವನ್ನು ಕನ್ನಡದಲ್ಲಿ ಬರೆಯಿರಿ ಎಂದು ಕನ್ನಡಿಗರಿಗೆ ವಿಶೇಷವಾಗಿ ಹೇಳಬಯಸುತ್ತೇನೆ. ಇಂಗ್ಲಿಷ್ ಮಾತೃಭಾಷೆಯವರು ಹೆಣಗುವ 'ಮೆ ಗುಸ್ತಾ ಎಲ್ ಕಫೆ' ನಮಗೆ 'ನನಗೆ ಕಾಫಿ ಇಷ್ಟ' ಎಂದಾಗಲೇ ಮುಗಿಯುತ್ತದೆ. ವ್ಯಕ್ತಿಗಳು ಕರ್ಮವಾದಾಗ ಬರುವ 'ಆ' ಎಂಬ ಪ್ರಿಪೊಸಿಷನ್ ಕೂಡ ಅಷ್ಟೊಂದು ವಿಚಿತ್ರವೆನಿಸಬೇಕಿಲ್ಲ: ನಾವು 'ಮನೆ ಹುಡುಕುತ್ತಿದ್ದೇನೆ' ಎನ್ನುತ್ತೇವೆ, ಆದರೆ 'ಅಣ್ಣನನ್ನು ಹುಡುಕುತ್ತಿದ್ದೇನೆ' ಎಂದೇ ಹೇಳಬೇಕಾಗುತ್ತದೆ, ಸ್ಪ್ಯಾನಿಷಿನಲ್ಲಿಯೂ 'ಬುಸ್ಕೊ ಉನಾ ಕಾಸಾ', ಆದರೆ 'ಬುಸ್ಕೊ ಆ ಮಿ ಎರ್ಮಾನೊ'. ಎಲ್ಲ ಕಡೆಯೂ ಕನ್ನಡ ಕೈ ಹಿಡಿಯುವುದಿಲ್ಲ. ಕಾಫಿ ಬೇಕೆಂದು ಕೇಳುವುದಕ್ಕೆ 'ಪೆದಿರ್', ಪ್ರಶ್ನೆ ಕೇಳುವುದಕ್ಕೆ 'ಪ್ರೆಗುಂತಾರ್'. ನಮ್ಮಲ್ಲಿ ಎರಡೂ 'ಕೇಳು' ಆಗಿರುವುದರಿಂದ ಇಲ್ಲಿ ಅಭ್ಯಾಸವೊಂದೇ ದಾರಿ.

ತಂತ್ರಾಂಶದ ಸೆಟ್ಟಿಂಗುಗಳು ಹೊಸಬರಿಗೆ ಕ್ಲಿಷ್ಟವೆನಿಸುತ್ತವೆ. ದಿನಕ್ಕೆ 20 ಹೊಸ ಕಾರ್ಡುಗಳೆಂಬ ಮೂಲ ಮಿತಿಯನ್ನು ಅರ್ಧಕ್ಕಿಳಿಸುವುದು ಒಳ್ಳೆಯದು, ಇಲ್ಲದಿದ್ದರೆ ಪುನರಾವರ್ತನೆಯ ಹೊರೆ ಬೇಗನೆ ಬೆಳೆಯುತ್ತದೆ. ಉತ್ತರ ಮರೆತಿದ್ದರೆ 'ಅಗೇನ್' ಗುಂಡಿ ಒತ್ತಬೇಕೇ ಹೊರತು 'ಹಾರ್ಡ್' ಅಲ್ಲ. 'ಹಾರ್ಡ್' ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದೇ ಲೆಕ್ಕ. ಪದೇಪದೇ ಮರೆತ ಕಾರ್ಡನ್ನು ಆ್ಯಂಕಿ 'ಲೀಚ್' ಎಂದು ಗುರುತಿಸುತ್ತದೆ. ನನ್ನ ಲೀಚ್‌ಗಳಲ್ಲಿ ಹೆಚ್ಚಿನವು 'ಪೋರ್' ಮತ್ತು 'ಪಾರಾ' ಕಾರ್ಡುಗಳೇ; ಇಂಗ್ಲಿಷಿನಲ್ಲಿ ಎರಡೂ ಸಾಮಾನ್ಯವಾಗಿ 'ಫಾರ್' ಆಗುತ್ತವೆ. 'ತ್ರಾಬಾಹೊ ಪಾರಾ ಮಿ ಎರ್ಮಾನಾ' ಎಂದರೆ ಅಕ್ಕನ ಕೈಕೆಳಗೆ ಕೆಲಸಕ್ಕಿದ್ದೇನೆ ಎಂದಾಗುತ್ತದೆ, 'ಪೋರ್' ಹಾಕಿದರೆ ಅವಳ ಬದಲಿಗೆ ಅಥವಾ ಅವಳ ಸಲುವಾಗಿ ದುಡಿಯುತ್ತೇನೆ ಎಂದಾಗುತ್ತದೆ. ಬರಿಯ ಖಾಲಿ ಜಾಗಕ್ಕೆ ಎರಡೂ ಹೊಂದುತ್ತವೆ. ಅಕ್ಕನಿಗೆ ಹುಷಾರಿಲ್ಲ, ಇಂದು ಅವಳು ಬಂದಿಲ್ಲ ಎಂಬ ಇನ್ನೊಂದು ವಾಕ್ಯವನ್ನು ಮುಂದೆ ಸೇರಿಸಿದ ಮೇಲೆ ಆ ಕಾರ್ಡು ಮತ್ತೆ ಲೀಚ್ ಆಗಿಲ್ಲ.