ರೂಟಿಂಗ್ ಹಾರ್ಮೋನ್ ಪುಡಿ: ಕೆಲಸ ಚೆನ್ನಾಗಿದೆ, ಡಬ್ಬಿ ಮೇಲಿನ ಮಾತು ನಂಬಬೇಡಿ

ದಾಸವಾಳ, ಮಲ್ಲಿಗೆ ಕಡ್ಡಿ ನೆಡೋಕೆ ಅಂತ ನರ್ಸರಿಯಿಂದ ತಂದ ಪುಡಿ ಇದು. ಮಲ್ಲಿಗೆಗೆ ಒಳ್ಳೇ ಬೇರು ಬಂತು. ದಾಸವಾಳ ಬಿಡಿ, ಅದು ಸುಮ್ನೆ ಚುಚ್ಚಿದರೂ ಬರುತ್ತದೆ.

ಡಬ್ಬಿ ಮೇಲೆ 'ಬೇರಿಗೆ ಪೋಷಣೆ' ಅಂತ ಬರೆದಿದ್ದಾರೆ. ತಪ್ಪು, ಇದು ಗೊಬ್ಬರ ಅಲ್ಲವೇ ಅಲ್ಲ. ಒಳಗಿರುವುದು ಐಬಿಎ, ಗಿಡದ ಬೆಳವಣಿಗೆ ನಿಯಂತ್ರಿಸುವ ಆಕ್ಸಿನ್ ಗುಂಪಿನ ಹಾರ್ಮೋನ್. ಬೇರು ಬರಿಸುವ ಜೀನ್‌ಗಳು ಕಡ್ಡಿಯ ಜೀವಕೋಶದಲ್ಲಿ ಮೊದಲೇ ಇರುತ್ತವೆ, ಆದರೆ ಆಕ್ಸ್-ಐಎಎ ಅನ್ನೋ ಪ್ರೋಟೀನ್‌ಗಳು ಅವನ್ನು ಅದುಮಿ ಹಿಡಿದಿರುತ್ತವೆ. ಆಕ್ಸಿನ್ ಬಂದು ಈ ಪ್ರೋಟೀನನ್ನು ಟಿಐಆರ್1 ಎಂಬ ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಹಾರ್ಮೋನನ್ನು ಗುರುತಿಸುವ ಪ್ರೋಟೀನ್) ಗೋಂದಿನ ಹಾಗೆ ಅಂಟಿಸುತ್ತದೆ, ಕೋಶ ಆ ಆಕ್ಸ್-ಐಎಎಯನ್ನು ಒಡೆದು ಹಾಕುತ್ತದೆ, ಆಗ ಅದು ಹಿಡಿದಿಟ್ಟಿದ್ದ, ಜೀನ್ ಎಬ್ಬಿಸುವ ಎಆರ್‌ಎಫ್ ಪ್ರೋಟೀನ್‌ಗಳಿಗೆ ಬಿಡುಗಡೆ ಸಿಕ್ಕಿ ಜೀನ್‌ಗಳು ಚಾಲೂ ಆಗುತ್ತವೆ. ಆ ಗ್ರಾಹಕ ಯಾವುದು ಅಂತ ಗೊತ್ತಾಗಿದ್ದು 2005ರಲ್ಲಿ. ಇಂಥ ಪುಡಿ ಮಾತ್ರ ಅದಕ್ಕೂ ಎಷ್ಟೋ ದಶಕ ಮೊದಲೇ ಅಂಗಡಿಯಲ್ಲಿತ್ತು!

ಜಾಸ್ತಿ ಮೆತ್ತಬೇಡಿ, ಹೆಚ್ಚಾದರೆ ಬುಡ ಕಪ್ಪಾಗಿ ಕಡ್ಡಿ ಸಾಯಬಹುದು. ಒದ್ದೆ ಕಡ್ಡಿಯನ್ನು ಡಬ್ಬಿಗೇ ಅದ್ದಬೇಡಿ, ಸ್ವಲ್ಪ ಪುಡಿ ಬೇರೆ ತೆಗೆದುಕೊಳ್ಳಿ. ಐಬಿಎ ಶೇಕಡಾ ಎಷ್ಟು ಅಂತ ಎಲ್ಲೂ ಬರೆದಿಲ್ಲ, ಅದಕ್ಕೇ ಮೂರೇ ಸ್ಟಾರ್.