ಸಿಮ್ಯುಲೇಟರ್ 2020 ಇರುವಾಗ 2024ಕ್ಕೆ ದುಡ್ಡು ಹಾಕಬೇಕೇ?

ವಿಮಾನ ಹಾರಿಸುವ ಗೇಮ್ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಪಿಸಿಯಲ್ಲಿ ಚೆನ್ನಾಗಿ ಓಡುತ್ತಿದ್ದರೆ, ಬೆಳಗಾವಿಯಲ್ಲಿ ಕೂತು ಅದರ ಹೊಸ ಆವೃತ್ತಿ 2024ಕ್ಕೆ ಅವಸರ ಮಾಡಬೇಕಾಗಿಲ್ಲ. ಹಳೆಯದು ಕೊಂಡವರಿಗೆ ರಿಯಾಯಿತಿ ಏನೂ ಇಲ್ಲ, ಪೂರ್ತಿ ಬೆಲೆ ತೆರಬೇಕು.

ಎರಡನ್ನೂ ಒಂದೇ ದಾರಿಯಲ್ಲಿ ಹಾರಿಸಿ ನೋಡಿ. ಬೆಳಗಾವಿ ವಿಮಾನ ನಿಲ್ದಾಣ ಸಾಂಬ್ರಾದ ರನ್‌ವೇ 26ರಿಂದ ಪುಟ್ಟ ವಿಮಾನ ಸೆಸ್ನಾ 172 ಎತ್ತಿ, ಜಾಂಬೋಟಿ, ಚೋರ್ಲಾ ಘಾಟ್ ಮೇಲಿಂದ ಗೋವಾದ ದಾಬೋಲಿ ವಿಮಾನ ನಿಲ್ದಾಣಕ್ಕೆ. ಸುಮಾರು 55 ನಾಟಿಕಲ್ ಮೈಲಿ, ಅರ್ಧ ಗಂಟೆಯ ದಾರಿ. ನೆಟ್ ಗಟ್ಟಿಯಾಗಿದ್ದಾಗ ಘಾಟಿನ ಗಿಡಮರ, ಬಂಡೆ, ಹುಲ್ಲು ಎಲ್ಲವೂ 2024ರಲ್ಲೇ ಮಸ್ತ್, ಅದರಲ್ಲಿ ಎರಡು ಮಾತಿಲ್ಲ.

ತೊಡಕು ಇರುವುದು ಸ್ಟ್ರೀಮಿಂಗ್‌ನಲ್ಲಿ. 2020ರಲ್ಲಿ ವಿಮಾನ, ಏರ್‌ಪೋರ್ಟ್ ನಿಮ್ಮ ಡಿಸ್ಕ್‌ನಲ್ಲೇ ಇರುತ್ತವೆ. ನೆಟ್‌ನಿಂದ ಬರುವುದು ಮುಖ್ಯವಾಗಿ ನೆಲದ ಚಿತ್ರ, ಹವಾಮಾನ. 2024 ಡಿಸ್ಕ್ ಜಾಗ ಉಳಿಸಲು ವಿಮಾನಗಳನ್ನೂ ಬೇಕಾದಾಗ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಅದಕ್ಕೆ ನೆಟ್ ವೇಗ ಕನಿಷ್ಠ 10 ಎಂಬಿಪಿಎಸ್, ಶಿಫಾರಸು 50. ಪ್ಲಾನ್ 50ರದ್ದೇ ಇರಲಿ, ಮನೆಯವರು ಟಿವಿಯಲ್ಲಿ ಸಿನಿಮಾ ಹಚ್ಚಿದರೆ ನಿಮ್ಮ ಪಾಲಿಗೆ ಅಷ್ಟು ಉಳಿಯುವುದಿಲ್ಲ. ಆಗ ಕಾಕ್‌ಪಿಟ್ ಡಯಲ್ ಮೇಲಿನ ಅಂಕಿ ಮಸುಕು, ಚೋರ್ಲಾದ ಕಡಿದಾದ ಅಂಚು ಕರಗಿದ ಬೆಲ್ಲದ ಹಾಗೆ ನುಣುಪು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಪಿಸಿಯನ್ನೂ ರೂಟರ್ ಅನ್ನೂ ಹಿಡಿದುಕೊಂಡೀತು. ಓಣಿಯ ಫೈಬರ್ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ನೆಟ್ ಹೋದಂತೆಯೇ. ತಿಂಗಳ ಡೇಟಾ ಮಿತಿ ಮುಗಿದ ಮೇಲಂತೂ ಕೇಳುವುದೇ ಬೇಡ.

2020ರಲ್ಲಿ ಇದಕ್ಕೆ ದಾರಿ ಇದೆ. ಜನರಲ್ ಆಪ್ಷನ್ಸ್‌ನ ಡೇಟಾ ಪುಟದಲ್ಲಿ ಮ್ಯಾನುಯಲ್ ಕ್ಯಾಶ್ (ನೀವೇ ಆರಿಸಿದ ಜಾಗದ ಚಿತ್ರ ಡಿಸ್ಕ್‌ನಲ್ಲಿಡುವ ಸೌಲಭ್ಯ) ತೆರೆದು, ನಕ್ಷೆಯಲ್ಲಿ ಬೆಳಗಾವಿಯಿಂದ ಕರಾವಳಿವರೆಗಿನ ಜಾಗ ಆರಿಸಿ, ಮೀಡಿಯಂ ಗುಣಮಟ್ಟದಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ. ಅಷ್ಟೂ ಜಾಗಕ್ಕೆ ಹೈ ಕೊಟ್ಟರೆ ಡಿಸ್ಕ್ ತುಂಬುತ್ತದೆ. ಹಾರುವಾಗ ಬಂದ ಚಿತ್ರಗಳನ್ನು ಡಿಸ್ಕ್‌ನಲ್ಲಿ ಉಳಿಸಿಕೊಳ್ಳುವ ರೋಲಿಂಗ್ ಕ್ಯಾಶ್ ತಾನಾಗಿ 8 ಜಿಬಿ ಇರುತ್ತದೆ. ಎಸ್‌ಎಸ್‌ಡಿ ಮೇಲೆ 32ಕ್ಕೆ ಏರಿಸಿ. ಅಪ್‌ಡೇಟ್ ಆದ ಮೇಲೆ ಚಿತ್ರ ತಡವರಿಸಿದರೆ ಮೊದಲು ಆ ಕ್ಯಾಶ್ ಅಳಿಸಿ ಹೊಸದು ಮಾಡಿ, ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟುವುದು ಆಮೇಲೆ.

ಇನ್ನೊಂದು ಸಿಮ್ಯುಲೇಟರ್ ಎಕ್ಸ್-ಪ್ಲೇನ್ 12 ನೆಟ್ ಅಷ್ಟಾಗಿ ಕೇಳುವುದಿಲ್ಲ, ಪುಕ್ಕಟೆ ಡೆಮೊ ಕೂಡ ಇದೆ. ಆದರೆ ಉಪಗ್ರಹ ಚಿತ್ರ ನೀವೇ ಕೂಡಿಸದಿದ್ದರೆ ಬೆಳಗಾವಿ ಯಾವ ಊರೆಂದು ಗುರುತು ಹತ್ತುವುದಿಲ್ಲ.

2024ರ ಕರಿಯರ್ ಮೋಡ್, ಅಂದರೆ ಬೆಂಕಿ ಆರಿಸುವುದು, ಸರಕು ಸಾಗಿಸುವುದು ಇತ್ಯಾದಿ ಕೆಲಸ, ನಿಮಗೆ ಬೇಕೇ ಬೇಕೆಂದರೆ ಕೊಳ್ಳಿ. ರಜೆಯ ದಿನ ಘಾಟ್ ಮೇಲೆ ಸುತ್ತುವವರಿಗೆ ಅದು ದಂಡ. ಪಿಸಿಯಲ್ಲಿ 16 ಜಿಬಿ ರ್‍ಯಾಮ್ ಇದ್ದರೆ ಆ ದುಡ್ಡು ರ್‍ಯಾಮ್‌ಗೆ ಹೋಗಲಿ, 2024 ಶಿಫಾರಸು ಮಾಡುವುದೇ 32.

ಆದರೂ ನೋಡಲೇಬೇಕೆಂದರೆ ಮೈಕ್ರೋಸಾಫ್ಟ್‌ನ ಚಂದಾ ಸೇವೆ ಪಿಸಿ ಗೇಮ್ ಪಾಸ್ ಒಂದು ತಿಂಗಳಿಗೆ ಹಾಕಿಸಿ, ಸ್ಟ್ಯಾಂಡರ್ಡ್ ಆವೃತ್ತಿ ಅದರಲ್ಲಿದೆ. ಸ್ಟೀಮ್‌ನಲ್ಲಿ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ದುಡ್ಡು ವಾಪಸ್ ಸಿಗಲು ಕೊಂಡು 14 ದಿನದೊಳಗೆ ಇರಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಲೋಡಿಂಗ್ ನೋಡುತ್ತ ಕೂತದ್ದೂ ಆ 2 ಗಂಟೆಯಲ್ಲೇ ಲೆಕ್ಕ. ಜಾಯ್‌ಸ್ಟಿಕ್ ಬಟನ್‌ಗಳನ್ನು ಮತ್ತೆ ಹೊಂದಿಸಲು ಕೂತರೂ ಅದೇ ಗಡಿಯಾರ ಓಡುತ್ತದೆ. ಹಾಗಾಗಿ 2020ರ ಕಂಟ್ರೋಲ್ಸ್ ಪುಟದ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ.