ಮನೆಯಲ್ಲೇ ಕಾರಿನ ಚಾವಿ ಪ್ರೋಗ್ರಾಮಿಂಗ್: ಮೂರು ವರ್ಷ, ಐದು ಚಾವಿ

ನಮ್ಮದು 2013ರ ಸ್ವಿಫ್ಟ್, ಕೆಎ-25 ಗಾಡಿ. 2022ರ ಶಿವರಾತ್ರಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿದ್ದಾಗ ಜನಜಂಗುಳಿಯಲ್ಲಿ ಚಾವಿ ಎಲ್ಲೋ ಬಿದ್ದುಹೋಯಿತು. ನನ್ನ ತಮ್ಮ ಬೈಕಿನ ಮೇಲೆ ಮನೆಯಿಂದ ಇನ್ನೊಂದು ಚಾವಿಯನ್ನು ತಂದುಕೊಟ್ಟ, ರಾತ್ರಿ ಮನೆ ಸೇರಿದೆವು. ಆದರೆ ಅವತ್ತಿನಿಂದ ಒಂದೇ ಚಿಂತೆ. ಇದೂ ಕಳೆದರೆ?

ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. ಚಾಸಿ ನಂಬರ್ ಕೊಟ್ಟು ಆರ್ಡರ್ ಹಾಕಬೇಕು, ಹತ್ತು ಹನ್ನೆರಡು ದಿನ, ಏಳು ಸಾವಿರದ ಆಸುಪಾಸು ಅಂದರು. ಅದೇ ಹೊತ್ತಿಗೆ ಗದಗಿನಲ್ಲಿರುವ ಕಾಕಾನ ಕಾರಿಗೂ, ನವನಗರದ ಭಾವನ ಕಾರಿಗೂ ಒಂದೊಂದೇ ಚಾವಿ ಇದೆ ಅನ್ನುವುದು ಗೊತ್ತಾಯಿತು. ಎರಡೂ ಸೆಕೆಂಡ್ ಹ್ಯಾಂಡ್ ಗಾಡಿಗಳು, ಮಾರಿದವರು ಒಂದೇ ಚಾವಿ ಕೊಟ್ಟಿದ್ದರು. ಕೊನೆಗೆ ಮೂವರೂ ಸೇರಿ ಹದಿನೆಂಟು ಸಾವಿರ ಹಾಕಿ ಅಂಗೈ ಅಗಲದ ಒಂದು ಚಾವಿ ಪ್ರೋಗ್ರಾಮರ್, ಅಂದರೆ ಹೊಸ ಚಾವಿಯನ್ನು ಗಾಡಿಗೆ ಪರಿಚಯಿಸುವ ಮೆಷಿನ್, ತರಿಸಿದೆವು. ಮೂರು ವರ್ಷದಲ್ಲಿ ಅದರಿಂದ ಐದು ಚಾವಿ ಮಾಡಿದ್ದೇವೆ. ಐದೂ ಇವತ್ತಿಗೂ ಗಾಡಿ ಸ್ಟಾರ್ಟ್ ಮಾಡುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ಒಂದೇ ಕಾರು, ಒಂದೇ ಚಾವಿಗಾಗಿ ಈ ಮೆಷಿನ್ ತಗೋಬೇಡಿ. ಚಾವಿ ಮಾಡುವವರು ತಮ್ಮ ಮೆಷಿನ್ ಹಿಡಿದು ಮನೆಗೇ ಬರುತ್ತಾರೆ, ಅದೇ ಅಗ್ಗ. ಮನೆತನದಲ್ಲಿ ಮೂರು ನಾಲ್ಕು ಗಾಡಿ ಇದ್ದರೆ, ಓದಿ ತಿಳಿದುಕೊಂಡು ಮಾಡುವ ತಾಳ್ಮೆ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಎಷ್ಟೋ ಜನ ಚಾವಿಯ ಸೆಲ್ ಮುಗಿದರೆ ಗಾಡಿ ಸ್ಟಾರ್ಟ್ ಆಗಲ್ಲ ಅಂದುಕೊಂಡಿದ್ದಾರೆ. ನಮ್ಮಂಥ ತಿರುಗಿಸುವ ಚಾವಿಯ ಗಾಡಿಗಳಲ್ಲಿ ಹಾಗಿಲ್ಲ. ಚಾವಿಯ ತಲೆಯೊಳಗೆ ಎರಡು ಬೇರೆ ಬೇರೆ ವಸ್ತು ಇರುತ್ತವೆ. ಒಂದು ರಿಮೋಟ್ ಬೋರ್ಡು, ಇದಕ್ಕೆ 3 ವೋಲ್ಟಿನ ಬಿಲ್ಲೆ ಸೆಲ್ ಬೇಕು, ಬಾಗಿಲು ತೆರೆಯೋದು ಹಾಕೋದು ಇದರ ಕೆಲಸ. ಇನ್ನೊಂದು ಚಿಪ್. ನಮ್ಮದರಲ್ಲಿ ಅದು ಹುಣಸೆ ಬೀಜಕ್ಕಿಂತ ಸಣ್ಣ ಕರಿ ತುಂಡು. ಇದಕ್ಕೆ ಸೆಲ್ಲೇ ಬೇಡ. ಚಾವಿ ಹಾಕುವ ಜಾಗದ ಸುತ್ತ ತಂತಿಯ ಬಳೆ ಇರುತ್ತದೆ, ಚಾವಿ ತಿರುಗಿಸಿದ ಕೂಡಲೇ ಆ ಬಳೆ 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಶಕ್ತಿ ಕೊಡುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ, ಗುರುತು ಸರಿ ಇದ್ದರೆ ಮಾತ್ರ ಎಂಜಿನ್ ಕಂಪ್ಯೂಟರ್ ಗಾಡಿ ಸ್ಟಾರ್ಟ್ ಆಗಲು ಬಿಡುತ್ತದೆ. ಮಾರುತಿಯವರು ಇದಕ್ಕೆ ಐ-ಕ್ಯಾಟ್ಸ್ ಅಂತ ಹೆಸರಿಟ್ಟಿದ್ದಾರೆ. ಅಂದರೆ ಹಲ್ಲು ಸರಿಯಾಗಿ ಕೊರೆದ ಚಾವಿಯೂ ಚಿಪ್ ಇಲ್ಲದೆ ಬಾಗಿಲು ತೆರೆಯುವುದಕ್ಕಷ್ಟೇ ಬಂತು.

ಹಾಗಾಗಿ ಕೆಲಸ ಮೂರು. ಹಲ್ಲು ಕೊರೆಸುವುದು, ಗಾಡಿಗೆ ಚಿಪ್ಪಿನ ಗುರುತು ಕಲಿಸುವುದು, ಹಾಗೇ ರಿಮೋಟ್ ಕಲಿಸುವುದು. ಮೊದಲನೆಯದು ಮನೆಯಲ್ಲಿ ಆಗೋದಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಖಾಲಿ ಚಾವಿ, ಅಂದರೆ ಹಲ್ಲು ಕೊರೆಯದ ಚಾವಿ, ದಂಡವಾಯಿತು. ಅದರ ರಿಮೋಟ್ 315 ಮೆಗಾಹರ್ಟ್ಸ್‌ನದು, ನಮ್ಮ ಗಾಡಿಗೆ ಬೇಕಾದದ್ದು 433. ನೋಡಲು ಎರಡೂ ಒಂದೇ ಥರ. ಎರಡನೇ ಸಲ ಹಳೆಯ ಚಾವಿಯನ್ನು ಮೆಷಿನ್ನಿನ ಸುರುಳಿಯ ಮೇಲಿಟ್ಟು ಓದಿಸಿದೆ. ಚಿಪ್ಪಿನ ಜಾತಿ 46 ಅಂತ ತೋರಿಸಿತು. 46 ಮತ್ತು 433, ಈ ಎರಡೂ ನಂಬರ್ ನೋಡಿಯೇ ಆರ್ಡರ್ ಮಾಡಿದೆ. ಚಿತ್ರ ನೋಡಿ, ಬಟನ್ ಎಣಿಸಿ ಕೊಳ್ಳಬೇಡಿ. ಒಂದೇ ಮಾಡೆಲ್‌ಗೆ ವರ್ಷ ಬದಲಾದರೆ ಚಿಪ್ ಬದಲಾಗಬಹುದು.

ಕೊರೆಸಲು ದುರ್ಗದಬೈಲಿನ ಹತ್ತಿರ ಚಾವಿ ಮಾಡುವ ಚಾಚಾ ಒಬ್ಬರ ಕಡೆ ಹೋದೆ. ಅವರು ಮೊದಲು ಕೇಳಿದ್ದು ಆರ್‌ಸಿ. ಬಹಳ ಖುಷಿಯಾಯಿತು ನನಗೆ, ಹೀಗೇ ಇರಬೇಕು ಅಲ್ವಾ. ಆಮೇಲೆ ನನ್ನ ಹಳೇ ಚಾವಿಯನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಹಲ್ಲು ತೋರಿಸಿದರು. "ಇದು ಸವದೈತ್ರಿ. ಇದರದ ಕಾಪಿ ತಗದ್ರ ಸವದದ್ದ ಬರ್ತೈತಿ. ಗಾಡಿ ಕೊಟ್ಟಾಗ ನಂಬರ್ ಇದ್ದ ಸಣ್ಣ ಬಿಲ್ಲೆ ಕೊಟ್ಟಿರ್ತಾರ ನೋಡ್ರಿ, ಅದನ್ನ ಹುಡುಕಿ ತರ್ರಿ." ಅದು ಇನ್ಶೂರೆನ್ಸ್ ಕಾಗದದ ಫೈಲಿನಲ್ಲಿ ಸಿಕ್ಕಿತು. ಆ ನಂಬರ್ ಮೇಲೆ ಕೊರೆದ ಚಾವಿ ಹೊಸದರಂತೆ ಮೆತ್ತಗೆ ತಿರುಗುತ್ತದೆ. ಹಳೆಯದು ಈಗಲೂ ಸ್ವಲ್ಪ ಅಲ್ಲಾಡಿಸಿ ತಿರುಗಿಸಬೇಕು.

ಮನೆಯಲ್ಲಿ ಮಾಡಿದ ಕೆಲಸಕ್ಕೆ ನಿಜವಾಗಿ ಹಿಡಿದದ್ದು ಇಪ್ಪತ್ತೇ ನಿಮಿಷ. ಸ್ಟೀರಿಂಗ್ ಕೆಳಗೆ ಮೊಣಕಾಲಿನ ಹತ್ತಿರ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ, ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಜಾಗ ಅದು, ಕೇಬಲ್ ಅಲ್ಲಿಗೆ ಹಾಕಿದೆ. ಮೆಷಿನ್ನಿಗೂ ಕರೆಂಟ್ ಅಲ್ಲಿಂದಲೇ ಬರುತ್ತದೆ. ಮೆನುವಿನಲ್ಲಿ ಗಾಡಿಯ ಮಾಡೆಲ್ ಆಯ್ದು, ಚಿಪ್ ಗುರುತಿಸುವ ವ್ಯವಸ್ಥೆಯಾದ ಇಮೊಬಿಲೈಸರ್‌ಗೆ ಹೋಗಿ, ಗಾಡಿಯ ಗುಪ್ತ ನಂಬರ್ ಆದ ಪಿನ್ ಓದಿಸಿದೆ. ಆ ಪಿನ್ನನ್ನು ಡೈರಿಯಲ್ಲಿ ಬರೆದಿಟ್ಟೆ, ನೀವೂ ಬರೆದಿಡಿ. ನನ್ನದು ಕಳೆದ ಚಾವಿ ಆದ್ದರಿಂದ ಸುಮ್ನೆ ಹೊಸದನ್ನು ಸೇರಿಸಿದರೆ ಸಾಲದು. ಯಾರಿಗೋ ಸಿಕ್ಕಿದ ಆ ಚಾವಿ ಗಾಡಿ ಸ್ಟಾರ್ಟ್ ಮಾಡುತ್ತಲೇ ಇರುತ್ತದೆ. ಅದಕ್ಕೆ ಎಲ್ಲ ಚಾವಿಗಳನ್ನೂ ಅಳಿಸಿ, ಕೈಯಲ್ಲಿದ್ದ ಎರಡನ್ನು ಮತ್ತೆ ಕಲಿಸಿದೆ. ಹೊಸದನ್ನು ಹಾಕಿ ತಿರುಗಿಸಿದಾಗ ಮೀಟರಿನಲ್ಲಿ ಮಿಣುಕುತ್ತಿದ್ದ ದೀಪ ಆರಿತು. ಎಂಜಿನ್ ಹಿಡಿಯಿತು. ಹೊರಗೆ ನಿಂತಿದ್ದ ಅವ್ವ "ಆತೇನಪಾ?" ಅಂದಾಗ ನನಗೆ ಮಾತೇ ಹೊರಡಲಿಲ್ಲ, ಅಷ್ಟು ಸಂತೋಷ. ಕಳೆದ ಚಾವಿ ಈಗಲೂ ನಮ್ಮ ಬಾಗಿಲು ತೆರೆಯಬಲ್ಲದು, ಬೀಗದ ಹಲ್ಲು ಬದಲಾಗಿಲ್ಲವಲ್ಲ. ಗಾಡಿಯೊಳಗೆ ಬೆಲೆಬಾಳುವ ವಸ್ತು ಬಿಡುವುದನ್ನು ನಾವು ನಿಲ್ಲಿಸಿದ್ದೇವೆ.

ಗದಗಿನಲ್ಲಿ ಆದದ್ದನ್ನು ಇಲ್ಲಿ ಬರೆಯಲೇಬೇಕು. ಕಾಕಾನ ಗಾಡಿ ಹದಿನೈದು ದಿನದಿಂದ ನಿಂತಲ್ಲೇ ನಿಂತಿತ್ತು. ನಾನು ಬ್ಯಾಟರಿ ನೋಡಲಿಲ್ಲ. ಅಲ್ಲಿ ಚಾವಿ ಕಳೆದಿರಲಿಲ್ಲ, ಒಂದನ್ನು ಸೇರಿಸಿದ್ದರೆ ಸಾಕಿತ್ತು. ಆದರೂ ನವನಗರದಲ್ಲೂ ಹುಬ್ಬಳ್ಳಿಯಲ್ಲೂ ಸರಿಯಾಗಿ ಆಗಿತ್ತು ಅನ್ನುವ ಧೈರ್ಯದಲ್ಲಿ ಎಲ್ಲ ಅಳಿಸಿ ಮತ್ತೆ ಕಲಿಸುವ ದಾರಿಯನ್ನೇ ಹಿಡಿದೆ. ಅಳಿಸುವುದು ಮುಗಿಯಿತು, ಕಲಿಸಲು ಹೊಸ ಚಾವಿ ತಿರುಗಿಸಿದೆ, ಪರದೆ ಕಪ್ಪಾಯಿತು. ಇಗ್ನಿಷನ್ ಆನ್ ಇಟ್ಟು ಎಂಜಿನ್ ಬಂದ್ ಇದ್ದ ಹತ್ತು ನಿಮಿಷದಲ್ಲಿ ಆ ಹಳೇ ಬ್ಯಾಟರಿ ಕೂತುಬಿಟ್ಟಿತ್ತು. ಈಗ ಹೊಸ ಚಾವಿ ಕಲಿತಿಲ್ಲ, ಹಳೇ ಚಾವಿಯನ್ನು ಗಾಡಿ ಮರೆತಿದೆ. ಕಾಕಾ ಒಂದು ಮಾತೂ ಬೈಯಲಿಲ್ಲ, ಕಟ್ಟೆಯ ಮೇಲೆ ಕೂತು "ನಿಧಾನ ಮಾಡೋ ತಮ್ಮಾ" ಅಂದರು. ಪಕ್ಕದ ಮನೆಯವರ ಗಾಡಿ ತಂದು, ಜಂಪರ್ ಕೇಬಲ್ ಹಚ್ಚಿ, ಅವರ ಎಂಜಿನ್ ಚಾಲೂ ಇಟ್ಟುಕೊಂಡೇ ಮತ್ತೆ ಮೊದಲಿನಿಂದ ಮಾಡಿದೆ. ಎರಡೂ ಚಾವಿ ಕಲಿತವು. ಅದೃಷ್ಟ ಅಂತಲೇ ಹೇಳಬೇಕು, ಕರೆಂಟ್ ಹೋಗುವ ಗಳಿಗೆ ಸ್ವಲ್ಪ ಹೆಚ್ಚು ಕಡಿಮೆ ಆಗಿದ್ದರೆ ಕಂಪ್ಯೂಟರೇ ಕೆಡಬಹುದಿತ್ತು.

ಅಂದಿನಿಂದ ಮಲ್ಟಿಮೀಟರ್ ಇಲ್ಲದೆ ನಾನು ಕೇಬಲ್ ಹಾಕುವುದಿಲ್ಲ. ಎಂಜಿನ್ ಬಂದ್ ಇದ್ದಾಗ 12.5 ವೋಲ್ಟ್ ಇಲ್ಲದಿದ್ದರೆ ಮೊದಲು ಚಾರ್ಜ್, ಆಮೇಲೆ ಚಾವಿ. ಲೈಟು, ಎಸಿ ಫ್ಯಾನು, ಟೇಪು ಎಲ್ಲ ಬಂದ್. ಚಾವಿ ಕಳೆಯದಿದ್ದರೆ ಅಳಿಸುವ ಗುಂಡಿಯ ಹತ್ತಿರವೂ ಹೋಗುವುದಿಲ್ಲ.

ಮೂರು ವರ್ಷದಲ್ಲಿ ಏನು ಉಳಿಯಿತು, ಏನು ಹೋಯಿತು ಅಂದರೆ, ಚಿಪ್ಪುಗಳು ಒಂದು ಸಲವೂ ಕೈಕೊಟ್ಟಿಲ್ಲ. ರಿಮೋಟ್ ಬೋರ್ಡುಗಳೂ ಚೆನ್ನಾಗಿವೆ, ಸೆಲ್ ಮಾತ್ರ ಒಂದೊಂದು ಸಲ ಬದಲಾಯಿಸಿದ್ದೇವೆ. ಕೆಟ್ಟದ್ದು ಹೊರಗಿನ ಪ್ಲಾಸ್ಟಿಕ್ ಕವಚ. ನನ್ನದರ ರಬ್ಬರ್ ಬಟನ್ ಎರಡನೇ ಬೇಸಿಗೆಗೆ ಹರಿಯಿತು, ಭಾವನದರ ಕೊಂಡಿ ಮುರಿಯಿತು. ಕವಚ ಬೇರೆ ಹಾಕುವಾಗ ಹುಷಾರು. ಭಾವನ ಮನೆಯಲ್ಲಿ ಹಳೆಯದನ್ನು ಬಿಚ್ಚಿದಾಗ ಚಿಪ್ ಹಾರಿ ನೆಲಕ್ಕೆ ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಹೊಸ ಕವಚದ ಚಾವಿ ಬಾಗಿಲು ತೆರೆಯಿತು, ಗಾಡಿ ಮಾತ್ರ ಹಿಡಿಯಲಿಲ್ಲ. ಅಕ್ಕ ಕಸ ಗುಡಿಸಿ ಮೊರಕ್ಕೆ ತುಂಬಿದ್ದಳು, ಅದರಲ್ಲಿ ಬೆರಳಾಡಿಸಿ ಹುಡುಕಿ ತೆಗೆದೆವು. ಈಗ ದೊಡ್ಡ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೇ ಬಿಚ್ಚುತ್ತೇವೆ.

ಮೆಷಿನ್ ಬಗ್ಗೆ ನನಗಿರುವ ಬೇಜಾರು ಅಪ್‌ಡೇಟಿನದು. ಮೊದಲ ವರ್ಷ ಫ್ರೀ, ಆಮೇಲೆ ದುಡ್ಡು. ನಾವು ಕಟ್ಟಿಲ್ಲ, ನಮ್ಮ ಹಳೆ ಗಾಡಿಗಳಿಗೆ ಇದ್ದದ್ದೇ ಸಾಕು. ಮೆನುವಿನ ಇಂಗ್ಲಿಷ್ ಕೂಡ ಬಹಳ ಕೆಟ್ಟದ್ದು. ಸೇರಿಸು, ಅಳಿಸು ಅನ್ನುವಂಥ ಮಾತನ್ನೇ ಗೊಂದಲವಾಗಿ ಬರೆದರೆ ಹೇಗೆ? ಪ್ರತಿ ಪರದೆಯ ಫೋಟೊ ತೆಗೆದುಕೊಂಡು, ಅರ್ಥವಾದ ಮೇಲೇ ಮುಂದಿನದು ಒತ್ತಿ.

ಇನ್ನೊಂದು ವಿಷಯ. ಗಾಡಿ ಕಳವಾದರೆ ಇನ್ಶೂರೆನ್ಸ್‌ನವರು ಕ್ಲೇಮಿಗೆ ಎರಡೂ ಅಸಲಿ ಚಾವಿ ಕೇಳುತ್ತಾರೆ. ಮನೆಯಲ್ಲಿ ಮಾಡಿದ್ದು ಅಸಲಿ ಆಗಲ್ಲ. ಅದಕ್ಕೇ ನಾನು ಚಾವಿ ಕಳೆದದ್ದನ್ನು ಪೊಲೀಸರಲ್ಲಿ ಬರೆಸಿ, ಆ ಕಾಗದವನ್ನು ಆರ್‌ಸಿ ಜೊತೆ ಇಟ್ಟಿದ್ದೇನೆ. ದಿನಾ ಓಡಾಡಲು ಮನೆಯಲ್ಲಿ ಮಾಡಿದ ಚಾವಿ, ಅಸಲಿ ಕಪಾಟಿನಲ್ಲಿ.

ಹೋದ ತಿಂಗಳು ಅಕ್ಕ ಹೊಸ ಕಾರು ತಗೊಂಡಳು, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ಅದಕ್ಕೂ ಒಂದು ಚಾವಿ ಮಾಡಿಕೊಡು ಅಂತ ಭಾವ ಕೇಳಿದರು. ನಮ್ಮ ಮೆಷಿನ್ನಿನ ಪಟ್ಟಿಯಲ್ಲಿ ಆ ಗಾಡಿ ಇಲ್ಲ, ವಾರಂಟಿಯೂ ಇದೆ, ನಾನು ಕೈ ಹಾಕಲಿಲ್ಲ. ಅವರ ಕೈಯಲ್ಲಿ ಕಂಪನಿಯ ಎರಡೂ ಚಾವಿ ಇವೆ. ಒಂದನ್ನು ಅವತ್ತೇ ಅವ್ವನ ಟ್ರಂಕಿನಲ್ಲಿ ಇಟ್ಟು ಬಂದೆ.